ಕಟ್ಟು ಸುರಿಯುವವಳು

ಒಬ್ಬರು ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಿದ್ದರು. ಅವರ ಬೆನ್ನ ಹಿಂದೆ ಇನ್ನೊಬ್ಬರು ಚರಿಗೆ ಹಿಡಿದು ನಿಂತಿದ್ದರು. ಮದುವೆಯಾಗಿ ಆ ಮನೆಗೆ ಹೋದ ಮೊದಲ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಾನು ಕಂಡದ್ದು ಇದು. ಕೂತವರು ನನ್ನ ಅತ್ತೆ ದಾನವ್ವ. ನಿಂತವರು ಅವರ ನೆಗೆಣ್ಣಿ ಮುರಿಗೆವ್ವ, ಅಂದರೆ ನನ್ನ ಗಂಡನ ಚಿಗವ್ವ. ನಾನು ಸಣ್ಣತ್ತೆ ಅನ್ನುತ್ತಿದ್ದೆ. ಅತ್ತೆಯ ಬಾಯಿ ಒಂದೇ ಸಮನೆ ನಡೆದಿತ್ತು. ನೀರು ಬೆರೆಸಿದ ಹಾಲಿನವನಿಗೆ ಬೈಗುಳ, ಹಸಿ ಕಟ್ಟಿಗೆ ತಂದವನಿಗೆ ಬೈಗುಳ, ಬಾಗಿಲಲ್ಲಿ ನಿಂತು ಬೆಳಕಿಗೆ ಅಡ್ಡವಾದಳೆಂದು ಹೊಸ ಸೊಸೆಗೂ ಒಂದು. ಕೈ ಮಾತ್ರ ಬಾಣಲೆ ಬಿಟ್ಟು ಕದಲಲಿಲ್ಲ. ಮಾತಿನ ನಡುವೆಯೇ ಇದ್ದಕ್ಕಿದ್ದಂತೆ "ಹಾಕ!" ಅಂದರು. ಹಿಂದೆ ನಿಂತವರು ಬಗ್ಗಿ ಚರಿಗೆ ಓರೆ ಮಾಡಿದರು. ಭುಸ್ ಅಂತ ಹಬೆ ಎದ್ದು ಇಬ್ಬರೂ ಕಾಣದಂತಾದರು. ಒಳಗಿಂದ "ಸಾಕ!" ಅಂತ ಕೇಳಿಸಿತು. ಹಬೆ ಇಳಿಯುವಷ್ಟರಲ್ಲಿ ಮತ್ತೆ ಹಾಲಿನವನ ಸರದಿ ಬಂದಿತ್ತು.

ನಮ್ಮದು ಖಾನಾವಳಿ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಉಂಡವರು ಯಾರಾದರೂ ಸಿಕ್ಕಿ, ಅದು ಹಾಗಲ್ಲ ಹೀಗೆ ಅಂತ ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ. ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲ ಖಾನಾವಳಿಯಲ್ಲೂ ಸಿಗುತ್ತಿತ್ತು. ಜನ ನಮ್ಮಲ್ಲಿಗೇ ಹುಡುಕಿಕೊಂಡು ಬರುತ್ತಿದ್ದದ್ದು ಕೆಂಪುಹಿಟ್ಟಿನ ಸಾರಿಗೆ.

ಅದನ್ನು ಮಾಡುವ ಬಗೆ ಹೇಳುವುದು ಸುಲಭ. ಕಬ್ಬಿಣದ ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯಿಸಿ, ಗೋಧಿ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಕೈ ನಿಲ್ಲಿಸದೆ ತಿರುವುತ್ತ ಕೂರಬೇಕು. ಹಿಟ್ಟು ಮೊದಲು ಎಣ್ಣೆ ಕುಡಿದು ಮುದ್ದೆಗಟ್ಟುತ್ತದೆ. ಆಮೇಲೆ ತಾನೇ ಸಡಿಲಾಗಿ ಬಾಣಲೆಯಲ್ಲಿ ಹರಿದಾಡತೊಡಗುತ್ತದೆ. ಹಸಿ ವಾಸನೆ ಹೋಗಿ ಹುರಿಗಡಲೆಯಂಥ ವಾಸನೆ ಬರುತ್ತದೆ. ಇಲ್ಲಿಗೆ ಆಯಿತು ಅಂತ ಹೊಸಬರು ಇಳಿಸಿಬಿಡುತ್ತಾರೆ. ಆಗಿರುವುದಿಲ್ಲ. ಗೋಧಿಯ ಬಣ್ಣ ಬೆಲ್ಲದ ಬಣ್ಣಕ್ಕೆ ತಿರುಗಬೇಕು, ಬೆಲ್ಲ ಹಳೆಯ ಹುಣಸೆಹಣ್ಣಿಗೆ ತಿರುಗಬೇಕು. ಬೆಲ್ಲಕ್ಕೇ ನಿಲ್ಲಿಸಿದರೆ ಸಾರು ಗಟ್ಟಿಯಾಗುತ್ತದೆ, ರುಚಿ ಮಾತ್ರ ಅಂಬಲಿಯದು. ಹುಣಸೆಹಣ್ಣು ದಾಟಿತೋ ಕಹಿ. ಬಾಣಲೆ ತಿಕ್ಕಿ ತೊಳೆದು ಮೊದಲಿನಿಂದ ಶುರು ಮಾಡಬೇಕು.

ಅಲ್ಲಿಗೂ ಮುಗಿಯುವುದಿಲ್ಲ. ಹಿಟ್ಟು ಕೆಂಪಾದಷ್ಟೂ ಅದರ ಬಿಗಿ ಕಮ್ಮಿಯಾಗುತ್ತದೆ. ಬಿಳಿ ಹಿಟ್ಟು ತಡೆದುಕೊಳ್ಳುವಷ್ಟು ನೀರನ್ನು ಅದು ತಡೆಯುವುದಿಲ್ಲ. ಬೇಳೆ ಬೇಯಿಸಿ ಬಸಿದ ಕಟ್ಟು ಪಕ್ಕದ ಒಲೆಯಲ್ಲಿ ಕುದಿಯುತ್ತಿರಬೇಕು. ಬಣ್ಣ ಬಂದ ಕೂಡಲೇ ಅದನ್ನು ಒಂದೇ ಧಾರೆಯಾಗಿ ಸುರಿಯಬೇಕು. ತಡೆದು ತಡೆದು ಹಾಕಿದರೆ ಗಂಟು, ಹೆಚ್ಚಾದರೆ ನೀರು. ಆಮೇಲೆ ಯಾವ ದೇವರು ಬಂದರೂ ರಿಪೇರಿ ಆಗುವುದಿಲ್ಲ. ಹುಳಿ, ಖಾರ, ಮೊದಲೇ ಹುರಿದು ಅಂಟು ಕಳೆದ ಬೆಂಡೆಕಾಯಿ ಇವೆಲ್ಲ ಆಮೇಲಿನ ಮಾತು. ತಿರುವುವವರಿಗೆ ಎರಡೂ ಕೈ ಬಾಣಲೆಗೇ ಬೇಕು, ಹಾಗಾಗಿ ಸುರಿಯಲು ಇನ್ನೊಬ್ಬರು ಬೇಕು. ಅವರಿಗೆ ಹಬೆಯಲ್ಲಿ ಏನೂ ಕಾಣಿಸುವುದಿಲ್ಲ. ಹಾಕು ಅಂದಾಗ ಹಾಕಬೇಕು, ಸಾಕು ಅಂದಾಗ ನಿಲ್ಲಿಸಬೇಕು, ಅಷ್ಟೇ ಅವರ ಕೆಲಸ.

ಅತ್ತೆ ಮತ್ತು ಸಣ್ಣತ್ತೆ ಒಂದೇ ಹಂದರದಲ್ಲಿ ಅಣ್ಣತಮ್ಮಂದಿರ ಕೈ ಹಿಡಿದು ಬಂದವರು. ಇಬ್ಬರೂ ಗಂಡಂದಿರನ್ನು ಕಳೆದುಕೊಂಡರು. ಸಣ್ಣತ್ತೆಗೆ ಮಕ್ಕಳಾಗಲಿಲ್ಲ, ನನ್ನ ಗಂಡನನ್ನು ಎತ್ತಿ ಆಡಿಸಿದ್ದು ಹೆತ್ತ ತಾಯಿಗಿಂತ ಅವರೇ ಹೆಚ್ಚು. ಅತ್ತೆಯದು ಸಿಡುಕು, ಸಣ್ಣತ್ತೆಯದು ನಗು. ಮದುವೆಯಾಗಿ ಬಂದಾಗಿನಿಂದ ಒಬ್ಬರು ಕೂತು ಒಬ್ಬರು ನಿಂತು ಆ ಸಾರು ಮಾಡಿಕೊಂಡು ಬಂದಿದ್ದರು. ಖಾನಾವಳಿ ನಡೆದದ್ದು ಇದರ ಮೇಲೆ.

ಸಣ್ಣತ್ತೆಗೆ ಒಂದು ಚಾಳಿ ಇತ್ತು. ಎದುರಿಗಿದ್ದವರು ಮಾತಾಡುವಾಗ ಅವರ ಬಾಯನ್ನೇ ನೋಡುತ್ತಿದ್ದರು. ನನಗೆ ಮೊದಮೊದಲು ಇರಿಸುಮುರಿಸಾಗಿ, ಹಲ್ಲಿಗೇನಾದರೂ ಸಿಕ್ಕಿಕೊಂಡಿದೆಯೋ ಅಂತ ನಾಲಗೆ ಆಡಿಸಿ ನೋಡಿಕೊಳ್ಳುತ್ತಿದ್ದೆ. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ನಮ್ಮಲ್ಲಿ ರೊಟ್ಟಿ ಬಡಿಯಲು ಬರುತ್ತಿದ್ದ ಫಕೀರವ್ವ ಅದಕ್ಕೆ ಒಂದು ಹೆಸರಿಟ್ಟಿದ್ದಳು. "ಸಣ್ಣಕ್ಕಾರಿಗೆ ಭಾಳ ದಿಮಾಕ ನೋಡ್ರಿ," ಅನ್ನುತ್ತಿದ್ದಳು.

ಒಂದು ದಿನ ಊಟದ ಗದ್ದಲವೆಲ್ಲ ಮುಗಿದು ನಾವು ಹೆಂಗಸರು ಉಣ್ಣಲು ಕೂತಿದ್ದಾಗ ಅತ್ತೆ ಎಲ್ಲರ ಮುಂದೆ ಹೇಳಿದರು: "ಇನ್ನ ಸೊಸಿ ಹುಟ್ಟು ಹಿಡೀಲಿ. ನಾ ಗಟ್ಟಿ ಇರೂತನಕ ಕಲತ್ಲಂದ್ರ ಮುಂದ ಚಿಂತಿ ಇರೂದಿಲ್ಲ."

ಹುಟ್ಟು ಅಂದರೆ ಹಿಟ್ಟು ತಿರುವುವ ಉದ್ದ ಹಿಡಿಕೆಯ ಮರದ ಸೌಟು. ಅದನ್ನು ಹಿಡಿದವರು ಆ ಅಡುಗೆಮನೆಗೆ ಯಜಮಾನಿ ಇದ್ದಂತೆ. ಅತ್ತೆಯ ನಂತರ ಅದು ಸಣ್ಣತ್ತೆಗೆ ಬರುತ್ತದೆ ಅಂತಲೇ ಎಲ್ಲರೂ ತಿಳಿದಿದ್ದರು. ನನಗೆ ಒಳಗೊಳಗೇ ಹಿಗ್ಗಾಯಿತು, ಇಲ್ಲ ಅನ್ನುವುದಿಲ್ಲ. ಸಣ್ಣತ್ತೆ ಅತ್ತೆಯ ಬಾಯನ್ನು ನೋಡಿದರು, ನನ್ನ ಮುಖ ನೋಡಿದರು, "ಚೊಲೊ ಆತ ಬಿಡ್ರಿ" ಅಂತ ನಕ್ಕು ಮಜ್ಜಿಗೆ ಸುರಿದುಕೊಂಡರು. ಫಕೀರವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಸಾರು ಕೆಡಲು ಶುರುವಾದದ್ದು ಆಮೇಲೆ, ಒಂದು ದಿನ ನಾನು ಒಂದು ದಿನ ಅತ್ತೆ ಹುಟ್ಟು ಹಿಡಿದು ಕೂರತೊಡಗಿದಾಗ. ಮೊದಲ ಸಲ ನೀರಾದಾಗ ಯಾರೂ ದೊಡ್ಡದು ಮಾಡಲಿಲ್ಲ. ಮತ್ತೊಮ್ಮೆ ಆದಾಗ ಅತ್ತೆ ಕಟ್ಟಿಗೆಯವನಿಗೆ ಬೈದರು. ಮೂರನೆಯದು ಮಾತ್ರ ಮುಚ್ಚಿಕೊಳ್ಳುವಂತಿರಲಿಲ್ಲ. ಆ ದಿನ ನನ್ನ ತವರಿನವರು ಬೀಗರ ಊಟಕ್ಕೆ ಬಂದಿದ್ದರು. ಇಂಥ ದಿನ ಹುಟ್ಟು ತಮ್ಮ ಕೈಯಲ್ಲೇ ಇರಬೇಕು ಅಂತ ಅತ್ತೆಯೇ ಕೂತಿದ್ದರು. ಹಿಟ್ಟಿನ ಬಣ್ಣ ನಾನೇ ಕಣ್ಣಾರೆ ನೋಡಿದೆ, ಅಂಥ ಬಣ್ಣ ಮತ್ತೆ ನೋಡಿಲ್ಲ. "ಹಾಕ" ಅಂದರು, ಸಣ್ಣತ್ತೆ ಹಾಕಿದರು. "ಸಾಕ" ಅಂದರು. ಧಾರೆ ನಿಲ್ಲಲಿಲ್ಲ. "ಸಾಕ, ಸಾಕ ಅಂದ್ನೆಲ್ಲ!" ಅಂತ ಕಿರುಚಿದರು. ಸಣ್ಣತ್ತೆ ಇನ್ನಷ್ಟು ಬಗ್ಗಿ ಚರಿಗೆ ಪೂರಾ ಬರಿದು ಮಾಡಿದರು.

ನನ್ನ ಅಪ್ಪನಿಗೆ ಚೇಷ್ಟೆ ಜಾಸ್ತಿ. ರೊಟ್ಟಿ ಅದ್ದಿ ಮೇಲೆತ್ತಿದರೆ ಸಾರು ತೊಟ್ಟಿಕ್ಕಿ ಹೋಗುತ್ತಿತ್ತು. ಅಪ್ಪ ಬಟ್ಟಲನ್ನೇ ಎತ್ತಿ ಒಂದು ಗುಟುಕು ಕುಡಿದು, "ಸಾರು ಭಾಳ ಚೊಲೊ ಐತ್ರಿ ಬೀಗತಿ, ಬ್ಯಾಸಗಿಗೆ ತಂಪು" ಅಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಹಗ್ಗದಂತೆ ಮಾಡಿಬಿಟ್ಟಿದ್ದರು.

ಬೀಗರು ಹೊಸ್ತಿಲು ದಾಟಿದ್ದೇ ತಡ ಅಡುಗೆಮನೆಯಲ್ಲಿ ರಂಪವಾಯಿತು. ಅತ್ತೆ ಸಣ್ಣತ್ತೆಯ ಎದುರಿಗೇ ಹೋಗಿ ನಿಂತರು.

"ಸಾಕ ಸಾಕ ಅಂತ ಬಾಯಿ ಬಡಕೊಂಡೆ. ನಿನಗ ಕಿವಿ ಇಲ್ಲೇನು?"

ಸಣ್ಣತ್ತೆಯ ಮುಖ ಸುಣ್ಣ ಬಳಿದಂತಾಯಿತು. "ಕೈ ಜಾರತ್ರಿ ಅಕ್ಕಾ," ಅಂದರು.

"ಮೂರ ಸಲ ಜಾರತೈತೇನ ಕೈ? ಇಷ್ಟ ವರ್ಷ ಜಾರಲಾರದ್ದು ಸೊಸಿಗೆ ಹುಟ್ಟು ಕೊಟ್ಟೆ ಅಂದ ಕೂಡ್ಲೆ ಜಾರಾಕ ಹತ್ತೈತೇನು?"

ಆಗ ಸಣ್ಣತ್ತೆ ಬಾಯಿ ಬಿಡಲಿಲ್ಲ. ಮಾತಾಡದಿದ್ದದ್ದನ್ನೇ ಎಲ್ಲರೂ ಒಪ್ಪಿಗೆ ಅಂದುಕೊಂಡರು. ನನಗೂ ಹಾಗೇ ಅನ್ನಿಸಿತು.

ಮುಂದೆ ನಡೆದದ್ದು ಅವರ ಮೇಲಿನ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತು. ನಾನು ಹುಟ್ಟು ಹಿಡಿದು ಕೂತ ದಿನ ಸಾರು ಒಮ್ಮೆಯೂ ಕೆಡಲಿಲ್ಲ. ನನ್ನ ತವರು ಹೊಳೆಯ ಆಚೆ. ಅಲ್ಲಿ ನಾವು ಸಾಕು ಅನ್ನುವುದು ಕಮ್ಮಿ, ಬಸ್ ಅನ್ನುತ್ತೇವೆ. ನೀರು ಹಾಕುವಾಗಲೂ ಬಸ್, ಅನ್ನ ಬಡಿಸುವಾಗಲೂ ಬಸ್. ಫಕೀರವ್ವ "ಯಾವ ಊರ ಬಸ್ ಬಂತ್ರಿ ಅಕ್ಕಾರ?" ಅಂತ ಕಾಡುತ್ತಿದ್ದಳು. ನಾನು "ಬಸ್!" ಅಂದರೆ ಸಣ್ಣತ್ತೆ ಕೈ ಕತ್ತರಿಸಿದಂತೆ ಧಾರೆ ನಿಲ್ಲಿಸುತ್ತಿದ್ದರು. ನೀರಾಗಿದ್ದ ಮೂರೂ ಸಲ ಹುಟ್ಟು ಹಿಡಿದಿದ್ದವರು ಅತ್ತೆ.

"ನೋಡಿದೇನು?" ಅಂದರು ಅತ್ತೆ ನನಗೆ. "ನಿನಗ ಕೈ ಜಾರೂದಿಲ್ಲ. ನನಗಷ್ಟ ಜಾರತೈತಿ. ಸೊಸಿಗೆ ಯಾಕ ಕೊಟ್ಟಿ ಅಂತ ನನ್ನ ಮ್ಯಾಲ ಹಗಿ ತೀರಸಾಕತ್ತಾಳ."

ಒಂದು ವಿಷಯ ಮಾತ್ರ ಮನಸ್ಸಿಗೆ ಒಗ್ಗುತ್ತಿರಲಿಲ್ಲ. ಹೊಟ್ಟೆಕಿಚ್ಚಿನವರು ನನ್ನ ಸಾರು ಕೆಡಿಸಬೇಕಿತ್ತು. ಸಣ್ಣತ್ತೆ ನನಗೆ ಬಣ್ಣ ಹೇಳಿಕೊಡುತ್ತಿದ್ದರು. ನನ್ನ ಹೆಗಲ ಮೇಲಿಂದ ಬಾಣಲೆಯೊಳಗೆ ಬಗ್ಗಿ ನೋಡಿ, "ಇನ್ನೊಂದೀಟು ತಡಿ, ಇದು ಇನ್ನೂ ಬೆಲ್ಲ," ಅನ್ನುತ್ತಿದ್ದರು.

ಅತ್ತೆಯ ಸಿಟ್ಟು ಬರುವುದೂ ಬೇಗ, ಹೋಗುವುದೂ ಬೇಗ. ಹೋಯಿತು ಅಂತ ಬಾಯಿಬಿಟ್ಟು ಹೇಳುವ ಜಾಯಮಾನ ಮಾತ್ರ ಅವರದಲ್ಲ. ಆ ಸಲ ಹೇಳಿದರು. ಒಂದು ಮಧ್ಯಾಹ್ನ ಸಣ್ಣತ್ತೆ ಬಚ್ಚಲಲ್ಲಿ ನಮಗೆ ಬೆನ್ನು ಮಾಡಿ ಪಾತ್ರೆ ತೊಳೆಯುತ್ತ ಕೂತಿದ್ದರು. ಅತ್ತೆ ಹೋಗಿ ಅವರ ಹಿಂದೆ ನಿಂತು, ಗಂಟಲು ಸರಿ ಮಾಡಿಕೊಂಡು, ಗೋಡೆ ನೋಡುತ್ತ ಅಂದರು:

"ಮುರಿಗೆವ್ವಾ, ನನಗೀಗೇನ ಸಿಟ್ಟಿಲ್ಲ."

ಸಣ್ಣತ್ತೆ ತಿರುಗದೆ ತಂಬಿಗೆ ತಿಕ್ಕುತ್ತಲೇ ಉತ್ತರ ಕೊಟ್ಟರು: "ಯಾಕಿಲ್ರಿ ಅಕ್ಕಾ? ಡಬ್ಬಿ ತುಂಬ ಐತೆಲ್ಲ. ನಿನ್ನಿನ ಬೀಸಿಸಿಕೊಂಡ ಬಂದೀನಿ."

ಅತ್ತೆಯ ದನಿ ಏರಿದ್ದು ಹೊರಗೆ ಉಣ್ಣುತ್ತಿದ್ದವರಿಗೂ ಕೇಳಿಸಿತು. "ನನ್ನ ಸಿಟ್ಟು ಡಬ್ಬಿ ತುಂಬ ಐತಂತ! ನಿನ್ನಿನ ಬೀಸಿಸಿಕೊಂಡ ಬಂದಾಳಂತ! ನಾನಾಗಿ ಬಂದು ಮಾತಾಡ್ಸಿದ್ರ ಹೆಂಗ ಆಡ್ಕೊಂತಾಳ ನೋಡ!" ಸರಕ್ಕನೆ ಮುಂದೆ ಬಂದು ಸಣ್ಣತ್ತೆಯ ಮುಖಕ್ಕೆ ಬೆರಳು ಚಾಚಿದರು. "ನಾಳಿಂದ ನೀ ಒಲಿ ಕಡೆ ಮುಖಾ ಹಾಕಬ್ಯಾಡ."

ಹೇಳಿದವರೇ ಹಿತ್ತಲ ಬಾಗಿಲು ಬಡಿದುಕೊಂಡು ಹೋದರು. ನನಗೆ ನಗು ತಡೆಯಲಾಗಲಿಲ್ಲ. ಬೀಸಿದ ಸಿಟ್ಟು, ಡಬ್ಬಿ ತುಂಬ! ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದವಳಿಗೆ ಒಮ್ಮೆಲೇ ಹೊಳೆಯಿತು. ನಮ್ಮ ಮನೆಯಲ್ಲಿ ಬೀಸಿಸಿ ತಂದು ಡಬ್ಬಿಯಲ್ಲಿ ತುಂಬುವುದು ಹಿಟ್ಟು. ಸಿಟ್ಟಿಲ್ಲ ಅಂದದ್ದು ಇವರಿಗೆ ಹಿಟ್ಟಿಲ್ಲ ಅಂತ ಕೇಳಿಸಿದೆ. ಹಾಗಾದರೆ ಸಾಕ ಅಂದದ್ದು? ಹಾಕ. ಸಾಕ ಸಾಕ ಅಂದರೆ, ಹಾಕ ಹಾಕ. ನನ್ನ ಬಸ್ ಮಾತ್ರ ಹಾಕ ಆಗುವಂತಿರಲಿಲ್ಲ.

ನಾನು ಹೋಗಿ ಅವರ ಎದುರಿಗೆ ಕೂತೆ. ಅವರು ನನ್ನ ಬಾಯಿ ನೋಡಿದರು.

"ಸಣ್ಣತ್ತಿ, ಅತ್ತಿ ಹಿಟ್ಟಿನ ಮಾತ ಆಡಲಿಲ್ರಿ. 'ಸಿಟ್ಟಿಲ್ಲ' ಅಂದ್ರು. ನಿಮ್ಮ ಮ್ಯಾಲ ಕ್ವಾಪ ಇಲ್ಲ ಅಂತ ಹೇಳಾಕ ಬಂದಿದ್ರು."

ಅವರ ಕೈಯಿಂದ ತಂಬಿಗೆ ಜಾರಿತು. ಬಚ್ಚಲ ಕಲ್ಲಿನ ಮೇಲೆ ಅದು ಸದ್ದು ಮಾಡುತ್ತ ಉರುಳಿಹೋದರೂ ಅವರು ಆ ಕಡೆ ನೋಡಲಿಲ್ಲ.

"ಹಿಂದಿನಿಂದ ಮಾತಾಡಿದ್ರ ನನಗ ಅರ್ಧಾ ಕೇಳಸ್ತೈತಿ, ಅರ್ಧಾ ಇಲ್ಲ," ಅಂದರು ಕೊನೆಗೆ. "ಯಾವ್ದು ಹೋಗೇತಿ, ಯಾವ್ದು ಉಳದೈತಿ ನನಗ ತಿಳೀವಲ್ದು. ಗುಬ್ಬಿ ಕೂಗಿದ್ದ ಕೇಳಿ ಎಷ್ಟ ದಿನ ಆತೋ. ಆದ್ರ ಕೋಣ ಒದರಿದ್ರ ಕೇಳಸ್ತೈತಿ."

"ಅತ್ತಿ 'ಸಾಕ' ಅಂತಿದ್ರು. ನಿಮಗ 'ಹಾಕ' ಅಂತ ಕೇಳ್ತಿತ್ತಲ್ಲ?"

ಸಣ್ಣತ್ತೆ ಉರುಳಿದ ತಂಬಿಗೆ ಎತ್ತಿಟ್ಟರು. "ಹಾಕ, ಹಾಕ ಅಂತಿದ್ರವಾ," ಅಂದರು. "ಇಷ್ಟಾದ್ರೂ ಇನ್ನೂ ಹಾಕ ಅಂತಾರಲ್ಲ, ಅಕ್ಕಗೇನ ತಲಿ ಕೆಟ್ಟೈತೇನು ಅಂತ ನಾನ ಅನ್ಕೊಂಡಿದ್ದೆ. ಬೀಗರ ಮುಂದ ಸಾರು ನೀರಾತಲ್ಲ, ಅವತ್ತ ತಿಳೀತು. ಕೆಟ್ಟದ್ದು ಅಕ್ಕನ ತಲಿ ಅಲ್ಲ, ನನ್ನ ಕಿವಿ."

"ಹಂಗಿದ್ರ ಹೇಳಬೇಕಿಲ್ರಿ? ಕಿವಿ ಕೇಳಂಗಿಲ್ಲ ಅಂದ್ರ ಮುಗೀತಿತ್ತಲ್ಲ. ಹೊಟ್ಟಿಕಿಚ್ಚಿನಾಕಿ ಅಂತ ಯಾಕ ಅನ್ನಿಸ್ಕೋತೀರಿ?"

ಅವರು ತಮ್ಮ ತಾಯಿಯ ಕತೆ ಹೇಳಿದರು. ಆಕೆಗೆ ವಯಸ್ಸಾದ ಮೇಲೆ ಕಿವಿ ಪೂರ್ತಿ ಹೋಗಿತ್ತಂತೆ. "ನನ್ನ ತಮ್ಮನ ಹೇಣ್ತಿ ಆಕಿನ್ನ ಬಾಗಲ ಹಿಂದ ಕುಂಡ್ರಿಸಿದ್ಲು. ಊಟಕ್ಕ ಕರದ್ರ ಆಕಿಗೆ ಕೇಳ್ತಿದ್ದಿಲ್ಲ. ಕರದ್ವಿ, ಬರಲಿಲ್ಲ ಅಂತ ತಾವ ಉಂಡು ಏಳ್ತಿದ್ರು. ಹುಡುಗರು ಹಿಂದ ನಿಂತು ಬೈತಿದ್ರು. ಮುಂದಿದ್ದವರು ನಗೂದು ನೋಡಿ ನಮ್ಮವ್ವಾನೂ ನಗ್ತಿದ್ಲು, ತನಗ ಬೈದದ್ದಕ್ಕ." ಮೂಗು ಒರೆಸಿಕೊಂಡರು. "ಕೆಪ್ಪಿ ಅನ್ನಿಸ್ಕೊಳ್ಳೂದಕ್ಕಿಂತ ಕೆಟ್ಟಾಕಿ ಅನ್ನಿಸ್ಕೊಳ್ಳೂದು ಎಷ್ಟೋ ಚೊಲೊ. ಕೆಟ್ಟಾಕಿಗೆ ಒಂದೀಟರೆ ಅಂಜತಾರ."

ನನಗೆ ಅಳು ಬಂತು. ಅವರು ನನ್ನ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಂಡು, ಅತ್ತೆಗೆ ಹೇಳುವುದಿಲ್ಲ ಅಂತ ಆಣೆ ಮಾಡಿಸಿದರು. ಮಾಡಿದೆ. ಮಾಡದೆ ಬೇರೆ ದಾರಿ ಇರಲಿಲ್ಲ.

ಮರುದಿನ ಸಣ್ಣತ್ತೆ, ತಮ್ಮನ ಮನೆಗೆ ಹೋಗುತ್ತೇನೆ ಅಂದರು. ಒಲೆ ಮುಟ್ಟಗೊಡದ ಮನೆಯಲ್ಲಿ ಕೂತು ಉಣ್ಣಲಾರೆ ಅಂದರು. ನನ್ನ ಗಂಡ ಕೈಕಾಲು ಹಿಡಿದು ಬೇಡಿಕೊಂಡ. ಅತ್ತೆ, "ಹೋಗಾಕಿನ್ನ ಯಾಕ ಹಿಡೀತಿ?" ಅಂದರು. ತಮ್ಮನಿಗೆ ಹೇಳಿ ಕಳಿಸಿದ್ದೂ ಆಯಿತು, ನಾಳೆ ಊಟದ ಹೊತ್ತಿಗೆ ಬರುತ್ತೇನೆ ಅಂತ ಅವನಿಂದ ಹೇಳಿಕೆ ಬಂದದ್ದೂ ಆಯಿತು. ಸಣ್ಣತ್ತೆ ಹೊರಟದ್ದು ಎಲ್ಲಿಗೆ ಅಂತ ನನಗೊಬ್ಬಳಿಗೆ ಗೊತ್ತಿತ್ತು. ಅವರ ತಾಯಿ ಕೂತಿದ್ದ ಆ ಬಾಗಿಲ ಹಿಂದಕ್ಕೆ.

ಆಣೆ ಮಾಡಿದ್ದು ಹೇಳುವುದಿಲ್ಲ ಅಂತ. ಕೇಳುವುದಿಲ್ಲ ಅಂತ ಮಾಡಿರಲಿಲ್ಲ. ಅತ್ತೆ ಒಬ್ಬರೇ ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಹೋಗಿ ಹತ್ತಿರ ಕೂತೆ.

"ಅತ್ತಿ, ಒಂದ ಮಾತ ಕೇಳ್ತೀನ್ರಿ. ನೀವು ಅವತ್ತ ಬಚ್ಚಲದಾಗ ಸಿಟ್ಟಿಲ್ಲ ಅಂದ್ರಿ. ಡಬ್ಬಿ ತುಂಬ ಐತಿ, ಬೀಸಿಸಿಕೊಂಡ ಬಂದೀನಿ ಅಂದ್ರು ಅವರು. ನಮ್ಮ ಮನ್ಯಾಗ ಡಬ್ಬಿ ತುಂಬ ಇರೂದು ಏನ್ರಿ?"

"ಹಿಟ್ಟು," ಅಂದರು ಅತ್ತೆ ಸಿಡುಕಿನಿಂದ. "ಅದೂ ತಿಳೀಲಾರದ..." ಅಂತ ಶುರು ಮಾಡಿದವರು ಅಲ್ಲಿಗೇ ನಿಂತರು. ಇಳಿಗೆಮಣೆಯ ಮೇಲೆ ಕೈ ನಿಂತಿತು. ಬಾಯೊಳಗೇ ಏನೋ ಅಂದು ನೋಡಿಕೊಂಡರು, ಎರಡು ಸಲ. ನನ್ನ ಕಡೆ ಒಮ್ಮೆ ದಿಟ್ಟಿಸಿ ನೋಡಿದರು. ನಾನು ಬೆಂಡೆಕಾಯಿಯ ತೊಟ್ಟು ಆರಿಸುತ್ತ ಕೂತೆ.

ಅತ್ತೆ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ಸಣ್ಣತ್ತೆ ಆ ಕಡೆ ಮುಖ ಮಾಡಿ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. ಅತ್ತೆ ನಾಲ್ಕು ಹೆಜ್ಜೆ ಹಿಂದೆ ನಿಂತು, ನನಗೆ ಕೇಳಿಸುವಷ್ಟು ದನಿಯಲ್ಲಿ ಹೇಳಿದರು: "ಮುರಿಗೀ, ನಿನ್ನ ಸೆರಗಿನ ಮ್ಯಾಲ ಚೇಳ ಐತಿ."

ಸಣ್ಣತ್ತೆ ಒಂದು ಕಲ್ಲು ಆರಿಸಿ ಆಚೆ ಎಸೆದರು. ಮತ್ತೆ ಮೊರ ಕೇರಿದರು.

ಅತ್ತೆ ಇನ್ನೊಮ್ಮೆ ಹೇಳಲಿಲ್ಲ. ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಳಗೆ ಬಂದು ನನಗೆ, ತೊಟ್ಟು ದಪ್ಪ ತೆಗೆದಿದ್ದೀಯ ಅಂತ ಬೈದರು.

ಮರುದಿನ ಹಿಟ್ಟು ಹುರಿಯಲು ನಾನು ಕೂತಿದ್ದೆ. ಎಣ್ಣೆ ಕಾದಿತ್ತು. ಹೊರಗೆ ಪಂಕ್ತಿ ತುಂಬಿತ್ತು, ನನ್ನ ಗಂಡ ಪಲ್ಯ ಬಡಿಸುತ್ತಿದ್ದ. ಫಕೀರವ್ವ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸಣ್ಣತ್ತೆಯ ಗಂಟು ಪಡಸಾಲೆಯಲ್ಲಿ ಕಟ್ಟಿ ಸಿದ್ಧವಾಗಿತ್ತು. ಅತ್ತೆ ಬಂದು ನನ್ನ ಕೈಯಿಂದ ಹುಟ್ಟು ಕಿತ್ತುಕೊಂಡು, "ಏಳು," ಅಂದರು.

ಎದ್ದೆ.

ಸಣ್ಣತ್ತೆಯನ್ನು ಕೈ ಹಿಡಿದು ಕರೆತಂದರು. ಎದುರಿಗೆ ನಿಲ್ಲಿಸಿಕೊಂಡು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದರು: "ಇಕಿಗೆ ಇನ್ನೂ ಕೈ ಕೂಡಿಲ್ಲ. ಹಿಟ್ಟು ಹೊತ್ತಸ್ತಾಳ. ಮಂದಿ ಬೈಯಾಕತ್ತಾರ. ನೀ ಕುಂಡ್ರು."

ನಾನು ಅಲ್ಲಿಯವರೆಗೆ ಒಂದು ಸಲವೂ ಹಿಟ್ಟು ಹೊತ್ತಿಸಿರಲಿಲ್ಲ. ಮೈಯೆಲ್ಲ ಉರಿಯಿತು. ಫಕೀರವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವುದು ಖಂಡಿತವಿತ್ತು. ಆದರೆ ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಹೆದರಿಕೆ ಇತ್ತು, ನಾನೆಲ್ಲಿ ಬಾಯಿ ಬಿಡುತ್ತೇನೋ ಅಂತ. ಅವರು ನನಗೆ ಹೆದರಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಹೌದ್ರಿ ಸಣ್ಣತ್ತಿ," ಅಂದೆ. "ಬಣ್ಣಾನ ತಿಳೀವಲ್ದು ನನಗ."

"ನನ್ನ ತಮ್ಮ ಬರ್ತಾನಲ್ರಿ," ಅಂದರು ಸಣ್ಣತ್ತೆ.

"ಬರ್ಲಿ. ಉಂಡ ಹೋಗ್ಲಿ."

"ಕಟ್ಟು ಸುರಿಯಾಕಿ ಯಾರು?"

"ನಾ ಏನ ಸತ್ತೀನೇನು?" ಅಂದರು ಅತ್ತೆ. ಹುಟ್ಟನ್ನು ಸಣ್ಣತ್ತೆಯ ಕೈಗೆ ತುರುಕಿ, ಚರಿಗೆ ತುಂಬ ಕುದಿಯುವ ಕಟ್ಟು ತೋಡಿಕೊಂಡು ಹೋಗಿ ಅವರ ಬೆನ್ನ ಹಿಂದೆ ನಿಂತರು.

ಸಣ್ಣತ್ತೆ ಮಣೆಯ ಮೇಲೆ ಕೂತು ಹಿಟ್ಟು ಸುರಿದರು. ಇಷ್ಟು ವರ್ಷ ಹೆಗಲ ಮೇಲಿಂದ ನೋಡಿದ ಕೆಲಸ. ಮುದ್ದೆಯಾದದ್ದು ಸಡಿಲಾಯಿತು, ವಾಸನೆ ತಿರುಗಿತು, ಹಿಟ್ಟು ಬೆಲ್ಲದ ಬಣ್ಣಕ್ಕೆ ಬಂತು. ಮುಖ ಬೆವರಿತ್ತು, ಕಣ್ಣು ಬಾಣಲೆ ಬಿಟ್ಟು ಏಳಲಿಲ್ಲ.

ಅವರ ತಮ್ಮ ಬಂದದ್ದು ಆಗಲೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಹೊಂಡೂಣೇನು?" ಅಂದ. ಸಣ್ಣತ್ತೆ ತಿರುವುತ್ತಿದ್ದರು. "ಅಕ್ಕಾ!" ಅಂದ ಗಟ್ಟಿಯಾಗಿ. ತಿರುವುತ್ತಲೇ ಇದ್ದರು. ಪಂಕ್ತಿಯಲ್ಲಿ ಉಣ್ಣುತ್ತಿದ್ದ ಒಬ್ಬಿಬ್ಬರು ಕತ್ತು ಎತ್ತಿದರು. ಫಕೀರವ್ವ ರೊಟ್ಟಿ ಕೈಯಲ್ಲೇ ಹಿಡಿದು ಸಣ್ಣತ್ತೆಯ ಬೆನ್ನು ನೋಡಿದಳು, ತಮ್ಮನ ಮುಖ ನೋಡಿದಳು. ಅವಳ ತಲೆಯೊಳಗೆ ಏನೋ ಕೂಡಿಕೊಳ್ಳುತ್ತಿತ್ತು. ತಮ್ಮ ಹುಬ್ಬು ಗಂಟಿಕ್ಕಿ, "ಏನಿದು? ಅಕ್ಕಗ ಕೇಳಾಕ..." ಅಂತ ಬಾಯಿ ತೆರೆದ.

"ಸುಮ್ನಿರ್ರಿ!" ಅಂತ ಅತ್ತೆ ಗದರಿದರು. "ಹಿಟ್ಟು ಹುರಿಯೂಮುಂದ ಯಾರೂ ಮಾತಾಡ್ಸಬಾರದು. ಮಾತಾಡ್ಸಿದ್ರೂ ಆಕಿ ಮಾತಾಡಂಗಿಲ್ಲ. ಇದು ನಮ್ಮ ಮನಿ ಪದ್ಧತಿ."

ಅಂಥ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ. ಹಿಟ್ಟು ಹುರಿಯುವ ಹೊತ್ತಿಗೆ ಅತ್ತೆ ಹಾಲಿನವನನ್ನು ಬೈಯದ ದಿನ ನನಗೆ ನೆನಪಿಲ್ಲ. ಫಕೀರವ್ವನಿಗೂ ಅದು ಚೆನ್ನಾಗಿ ಗೊತ್ತಿತ್ತು. ಅವಳು ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೈಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, "ಹೌದ್ರಿ ಅಣ್ಣಾರ," ಅಂದಳು, "ಮೊದಲಿನಿಂದ ಹಂಗ ಐತಿ."

ತಮ್ಮ ಚಪ್ಪಲಿ ಬಿಟ್ಟು ಪಂಕ್ತಿಯ ಕೊನೆಗೆ ಹೋಗಿ ಕೂತ.

ಬಾಣಲೆಯಲ್ಲಿ ಹುಣಸೆಹಣ್ಣಿನ ಬಣ್ಣ ಬಂತು. ಸಣ್ಣತ್ತೆ "ಹಾಕ್ರಿ ಅಕ್ಕಾ" ಅಂದರು. ಅತ್ತೆ ಬಗ್ಗಿ ಸುರಿದರು. ಹಬೆ ಎದ್ದು ಇಬ್ಬರನ್ನೂ ಮುಚ್ಚಿತು.

"ಸಾಕ!"

ಸಣ್ಣತ್ತೆಗೆ ತಮ್ಮದೇ ದನಿ ಎಷ್ಟು ದೊಡ್ಡದು ಅಂತ ತಿಳಿಯುವಂತಿರಲಿಲ್ಲ. ಹೊರಗೆ ನನ್ನ ಗಂಡ ಪಲ್ಯದ ಸೌಟನ್ನು ಎತ್ತಿದಲ್ಲೇ ಹಿಡಿದು ನಿಂತ. ಉಣ್ಣುತ್ತಿದ್ದವರೆಲ್ಲ ತಟ್ಟೆಯಿಂದ ಕೈ ತೆಗೆದರು. ಒಳಗೆ, ಹಬೆ ಇಳಿದಾಗ, ಅತ್ತೆ ಚರಿಗೆ ನೆಟ್ಟಗೆ ಹಿಡಿದು ನಿಂತಿದ್ದರು. ಒಂದು ಹನಿಯೂ ಹೆಚ್ಚು ಬಿದ್ದಿರಲಿಲ್ಲ.